ಅಲ್ಲಿ ಯಾವ ಮಳೆ ನಡೀತಿದೆ?

ಬಾಗಿಲು ತೆಗೆದು ಒಳಗೆ ಕಾಲಿಟ್ಟರೆ ಬಲಕ್ಕೆ ಕೊಡೆಗಳ ಬುಟ್ಟಿ, ಎಡಗಡೆಯ ಗೋಡೆಯಲ್ಲಿ ಒಂದು ಬಾರೋಮೀಟರು. ಹಿತ್ತಾಳೆಯ ಕಟ್ಟು, ಗಾಜಿನೊಳಗೆ ಹಳದಿಗಟ್ಟಿದ ಬಿಳಿ ಮುಖ, ಅದರ ಸುತ್ತ ಕಪ್ಪಕ್ಷರದಲ್ಲಿ ಐದು ಬರಹ: ಸ್ಟಾರ್ಮಿ, ರೇನ್, ಚೇಂಜ್, ಫೇರ್, ವೆರಿ ಡ್ರೈ. ಮನೆಯೊಡತಿ ಎಪ್ಪತ್ತು ದಾಟಿದ ಅಜ್ಜಿ. ಬೆಳಿಗ್ಗೆ ಹೊಸ್ತಿಲ ಮೇಲಿನ ಹಾಲಿನ ಬಾಟಲಿ ಎತ್ತಿಕೊಂಡು ಒಳಗೆ ಬರುವಾಗ ಬೆರಳಿನ ಗೆಣ್ಣಿನಿಂದ ಆ ಗಾಜಿಗೆ ಎರಡು ಸಲ ಕುಟ್ಟುತ್ತಿದ್ದರು. ಮುಳ್ಳು ಕೂದಲೆಳೆಯಷ್ಟು ಮಿಸುಕುತ್ತಿತ್ತು. ಅಜ್ಜಿ ಒಮ್ಮೆ ‘ಹ್ಮ್’ ಎನ್ನುತ್ತಿದ್ದರು. ಆ ‘ಹ್ಮ್’ನ ಏರಿಳಿತದ ಮೇಲೆ ನಾನು ಕೊಡೆ ತಗೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸುವುದನ್ನು ಒಂದು ವಾರದಲ್ಲಿ ಕಲಿತೆ. ಎರಡನೇ ವಾರಕ್ಕೆ, ಏನೇ ಇರಲಿ ತಗೊಳ್ಳುವುದು ಎಂದು ಕಲಿತೆ.

ಅದು 2007ರ ಜುಲೈ. ಆಫೀಸಿನ ಕೆಲಸದ ಮೇಲೆ ಎರಡು ತಿಂಗಳಿಗೆಂದು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮಿಗೆ ಹೋಗಿದ್ದೆ. ತೀರ್ಥಹಳ್ಳಿ ಕಡೆಯವನು ನಾನು. ಮಳೆಯ ವಿಷಯದಲ್ಲಿ ಒಂದು ಥರದ ಜಂಭ ಇತ್ತು. ಇಂಗ್ಲೆಂಡಿನಲ್ಲಿ ಅತಿ ಹೆಚ್ಚು ಮಳೆ ಬೀಳುವ ಜನವಸತಿ ಎಂದರೆ ಲೇಕ್ ಡಿಸ್ಟ್ರಿಕ್ಟಿನ ಸೀತ್‌ವೇಟ್ ಎಂಬ ಹಳ್ಳಿ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್. ಆಗುಂಬೆಗೆ ಇದು ಅರ್ಧ ವರ್ಷದ ಲೆಕ್ಕವೂ ಅಲ್ಲ, ಅರ್ಧ ಮಳೆಗಾಲದ್ದು. ಇನ್ನು ಲಂಡನ್ನಿಗೆ ಬೀಳುವುದು ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು. ಬೆಂಗಳೂರಿಗೆ ಅದಕ್ಕಿಂತ ಹೆಚ್ಚು ಬೀಳುತ್ತದೆ ಎಂದರೆ ಅಲ್ಲಿಯವರೂ ನಂಬುವುದಿಲ್ಲ, ಬೆಂಗಳೂರಿನವರೂ ನಂಬುವುದಿಲ್ಲ.

ಆದರೆ ಆ ದ್ವೀಪದಲ್ಲಿ ಪ್ರಶ್ನೆ ಎಷ್ಟು ಬಿತ್ತು ಎಂಬುದಲ್ಲ, ಯಾವಾಗ ಬೀಳುತ್ತದೆ ಎಂಬುದು. ನಮ್ಮಲ್ಲಿ ಜೂನಿನಲ್ಲಿ ಹಿಡಿದ ಮಳೆ ನಾಲ್ಕು ತಿಂಗಳು ಮನೆಯ ಹಿರಿಯನ ಹಾಗೆ ಜಗುಲಿಯಲ್ಲಿ ಕೂತಿರುತ್ತದೆ. ಅಲ್ಲಿಯದು ವಿಳಾಸ ಮರೆತ ನೆಂಟ. ಬಾಗಿಲು ತಟ್ಟುತ್ತದೆ, ತೆರೆಯುವಷ್ಟರಲ್ಲಿ ಹೋಗಿರುತ್ತದೆ, ನೀವು ಬಟ್ಟೆ ಒಣಹಾಕಿದ ಕೂಡಲೇ ಮತ್ತೆ ಬಂದು ನಿಲ್ಲುತ್ತದೆ. ಆ ಬೀದಿಯ ಹಿತ್ತಿಲುಗಳಲ್ಲಿ ಒಂದು ಬೆಳಿಗ್ಗೆ ನಾಲ್ಕು ಸಲ ಬಟ್ಟೆ ಹೊರಗೆ ಹೋಗಿ ನಾಲ್ಕು ಸಲ ಒಳಗೆ ಬಂದದ್ದನ್ನು ಎಣಿಸಿದ್ದೇನೆ. ಹಗ್ಗದ ಮೇಲೆ ಮೊದಲ ಹನಿ ಬಿದ್ದೊಡನೆ ಸಾಲು ಮನೆಗಳ ಹಿಂಬಾಗಿಲುಗಳೆಲ್ಲ ಒಟ್ಟಿಗೇ ತೆರೆದುಕೊಳ್ಳುತ್ತಿದ್ದವು.

ರೇಡಿಯೊದವರು ಇದಕ್ಕೆಲ್ಲ ‘ಅನ್‌ಸೆಟಲ್ಡ್’ ಎನ್ನುತ್ತಿದ್ದರು. ಒಳ್ಳೆಯ ಪದ. ಹವೆ ಕೆಟ್ಟಿದೆ ಎಂದಲ್ಲ, ಇನ್ನೂ ಕೂತಿಲ್ಲ ಎಂದು. ‘ಸನ್ನಿ ಸ್ಪೆಲ್ಸ್’, ‘ಸ್ಕ್ಯಾಟರ್ಡ್ ಶವರ್ಸ್’, ‘ಬ್ರೈಟರ್ ಲೇಟರ್’ ಎಂದು ದಿನಾ ಮೂರು ಮಾತನ್ನೇ ಹಿಂದೆಮುಂದೆ ಮಾಡಿ ಹೇಳುತ್ತಿದ್ದರು. ಅಜ್ಜಿಗೆ ‘ಬ್ರೈಟರ್ ಲೇಟರ್’ ಮೇಲೆ ಅಪಾರ ನಂಬಿಕೆ. ಅವರ ಗಂಡ ತೀರಿಕೊಂಡ ದಿನವೂ ಯಾರೋ ಹಾಗೇ ಹೇಳಿದರಂತೆ, ಹವೆಯ ಬಗ್ಗೆಯೇ. ಸಂಜೆ ನಿಜಕ್ಕೂ ಬಿಸಿಲು ಬಂತು ಎಂದು ಚಹಾ ಬಗ್ಗಿಸುತ್ತ ಹೇಳಿದರು.

ಆ ಬೇಸಿಗೆ ಯಾಕೆ ಹಾಗೆ ಹದಗೆಟ್ಟಿತು ಎಂಬುದಕ್ಕೆ ಹವಾಮಾನದವರ ಬಳಿ ಉತ್ತರ ಇತ್ತು. ನೆಲದಿಂದ ಸುಮಾರು 10 ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಓಡುವ ಗಾಳಿಯ ಹೊಳೆಯೊಂದಿದೆ, ಜೆಟ್ ಸ್ಟ್ರೀಮ್. ಅಟ್ಲಾಂಟಿಕ್‌ನಲ್ಲಿ ಹುಟ್ಟುವ ವಾಯುಭಾರ ಕುಸಿತಗಳು ಅದರ ದಾರಿ ಹಿಡಿದೇ ಬರುತ್ತವೆ. ಬೇಸಿಗೆಯಲ್ಲಿ ಅದು ಸಾಮಾನ್ಯವಾಗಿ ಬ್ರಿಟನ್ನಿನ ಉತ್ತರಕ್ಕೆ, ಐಸ್‌ಲ್ಯಾಂಡ್ ಕಡೆ ಸರಿದಿರುತ್ತದೆ. ಆ ವರ್ಷ ಸರಿಯಲಿಲ್ಲ, ದಕ್ಷಿಣಕ್ಕೇ ಇಳಿದು ಕೂತಿತು. ಐಸ್‌ಲ್ಯಾಂಡಿಗೆ ಹೋಗಬೇಕಿದ್ದ ಮೋಡಗಳ ಟಪಾಲೆಲ್ಲ ಇಂಗ್ಲೆಂಡಿನ ಬಾಗಿಲಿಗೇ ಬಂದು ಬಿತ್ತು. ಅದೇ ಹೊತ್ತಿಗೆ ಗ್ರೀಸ್, ರೊಮೇನಿಯಾ ಕಡೆ 40 ಡಿಗ್ರಿ ದಾಟಿ ಜನ ಬೆಂದುಹೋಗುತ್ತಿದ್ದರು. ತಮಾಷೆಯೆಂದರೆ ಹಿಂದಿನ ವರ್ಷ, 2006ರ ಜುಲೈ, 1659ರಿಂದ ಇಟ್ಟುಕೊಂಡು ಬಂದ ಮಧ್ಯ ಇಂಗ್ಲೆಂಡಿನ ಲೆಕ್ಕದಲ್ಲೇ ಅತಿ ಬೆಚ್ಚಗಿನ ತಿಂಗಳು. ಆಗ ಆಗ್ನೇಯ ಭಾಗದಲ್ಲಿ ತೋಟಕ್ಕೆ ಪೈಪಿನಲ್ಲಿ ನೀರು ಬಿಡುವುದನ್ನೇ ನಿಷೇಧಿಸಿದ್ದರು. ಒಂದೇ ವರ್ಷದಲ್ಲಿ ಅಳತೆ ತಿರುಗಿ ನಿಂತಿತು: 2007ರ ಮೇಯಿಂದ ಜುಲೈವರೆಗಿನ ಮೂರು ತಿಂಗಳು ಇಂಗ್ಲೆಂಡ್ ಮತ್ತು ವೇಲ್ಸಿಗೆ 1766ರಿಂದೀಚೆಗೆ ಅತಿ ಹೆಚ್ಚು ಮಳೆಯ ಕಾಲ.

ನಾನು ಹೋಗಿ ಇಳಿದಾಗ ಉತ್ತರದ ಶೆಫೀಲ್ಡ್, ಹಲ್ ಊರುಗಳು ಜೂನ್ 25ರ ಪ್ರವಾಹದಿಂದ ಇನ್ನೂ ಮೈ ಒರೆಸಿಕೊಳ್ಳುತ್ತಿದ್ದವು. ಟೀವಿಯಲ್ಲಿ ಬೀದಿಯುದ್ದಕ್ಕೂ ರಾಶಿ ಹಾಕಿದ ಸೋಫಾಗಳು, ಕಾರ್ಪೆಟ್ಟುಗಳು. ಲಂಡನ್ನಿನಲ್ಲಿ ವಿಂಬಲ್ಡನ್ ನಡೆದಿತ್ತು, ನಡೆದಿತ್ತು ಎನ್ನುವುದಕ್ಕಿಂತ ನಡುನಡುವೆ ನಿಂತಿತ್ತು. ಸೆಂಟರ್ ಕೋರ್ಟಿಗೆ ಹೊಸ ಸೂರು ಹಾಕಬೇಕೆಂದು ಹಳೆಯದನ್ನು ಕಿತ್ತಿದ್ದರು. ಮುಚ್ಚಿ ತೆರೆಯುವ ಹೊಸ ಸೂರು ಬಂದದ್ದು 2009ಕ್ಕೆ. ಹೀಗೆ ಆ ಒದ್ದೆ ವರ್ಷವೇ ಅದು ತಲೆ ಬೋಳಿಸಿಕೊಂಡು ನಿಂತಿತ್ತು. ನಡಾಲ್ ಮತ್ತು ಸೋಡರ್ಲಿಂಗ್ ಶನಿವಾರ ಆಡಲು ಇಳಿದ ಮೂರನೇ ಸುತ್ತಿನ ಪಂದ್ಯ ಮುಗಿದದ್ದು ಬುಧವಾರ. ನಾಲ್ಕು ಗೇಮ್ ಆಡುವುದು, ಟಾರ್ಪಾಲು ಎಳೆಯುವುದು, ಕಾಯುವುದು. ಹಸಿರು ಟಾರ್ಪಾಲಿನ ಮೇಲೆ ನೀರು ಗುಳ್ಳೆಗಟ್ಟುವುದನ್ನೇ ಟೀವಿಯವರು ಗಂಟೆಗಟ್ಟಲೆ ತೋರಿಸುತ್ತಿದ್ದರು. ಅಜ್ಜಿ ಅದನ್ನೂ ನೋಡುತ್ತಿದ್ದರು.

ಜುಲೈ 1ರಿಂದ ಇನ್ನೊಂದು ಹೊಸ ನೋಟ. ಇಂಗ್ಲೆಂಡಿನ ಪಬ್ಬು, ಹೋಟೆಲುಗಳ ಒಳಗೆ ಸಿಗರೇಟು ಸೇದುವುದನ್ನು ಅಂದಿನಿಂದ ನಿಷೇಧಿಸಿದರು. ಅಲ್ಲಿಯವರೆಗೆ ಬೆಚ್ಚಗೆ ಕೂತು ಸೇದುತ್ತಿದ್ದ ಮುದುಕರೆಲ್ಲ ಪಬ್ಬಿನ ಸೂರಿನಂಚಿಗೆ ಬೆನ್ನು ಅಂಟಿಸಿ, ಒಂದು ಕೈಯಲ್ಲಿ ಗ್ಲಾಸು, ಇನ್ನೊಂದರಲ್ಲಿ ಅಂಗೈ ಮರೆಮಾಡಿದ ಸಿಗರೇಟು ಹಿಡಿದು ಸಾಲಾಗಿ ನಿಂತಿರುತ್ತಿದ್ದರು. ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಬೀಡಿ ಸೇದುವವರು ಮಳೆಗೆ ನಿಲ್ಲುವ ರೀತಿಯೇ. ಕಾನೂನು ಮಾಡಿದವರು ಹವಾಮಾನ ಕೇಳಿ ತಾರೀಖು ಇಟ್ಟಿರಲಿಲ್ಲ ಎಂಬುದು ಸ್ಪಷ್ಟ.

ಮಧ್ಯೆ ಒಂದು ವಾರಾಂತ್ಯ, 7 ಮತ್ತು 8, ಬಿಸಿಲು ಬಂತು. ಆಹಾ, ಆ ಬಿಸಿಲು! ಫ್ರಾನ್ಸಿನ ಸೈಕಲ್ ಪಂದ್ಯ, ಟೂರ್ ಡಿ ಫ್ರಾನ್ಸ್, ಆ ವರ್ಷ ಲಂಡನ್ನಿನಿಂದ ಹೊರಟಿತು. ವೆಂಬ್ಲಿಯಲ್ಲಿ ಭೂಮಿ ಬಿಸಿಯಾಗುತ್ತಿದೆ ಎಂದು ಎಚ್ಚರಿಸುವ ಲೈವ್ ಅರ್ತ್ ಸಂಗೀತಗೋಷ್ಠಿ. ಭಾನುವಾರ ಫೆಡರರ್ ನಡಾಲನನ್ನು ಐದು ಸೆಟ್ಟುಗಳಲ್ಲಿ ಸೋಲಿಸಿದ. ನಮ್ಮ ಬೀದಿಯಲ್ಲಿ ಪ್ರತಿ ಹಿತ್ತಿಲಲ್ಲೂ ಬಾರ್ಬೆಕ್ಯೂ ಹೊಗೆ ಎದ್ದಿತು, ಬೆಳ್ಳಗಿದ್ದ ಮೈಗಳು ಸಂಜೆಯೊಳಗೆ ಸೀಗಡಿಯ ಬಣ್ಣಕ್ಕೆ ತಿರುಗಿದವು. ರಾತ್ರಿ ಒಂಬತ್ತೂವರೆಗೂ ಬೆಳಕು. ಬೇಸಿಗೆಯ ಕೋಟಾವನ್ನು ಎರಡು ದಿನದಲ್ಲಿ ತಿಂದು ಮುಗಿಸಬೇಕೆಂಬ ಹಠ ಊರಿಗೆಲ್ಲ ಇತ್ತು. ಸೋಮವಾರ ಬೆಳಿಗ್ಗೆ ಅಜ್ಜಿ ಗಾಜು ಕುಟ್ಟಿ ‘ಹ್ಮ್’ ಎಂದಾಗ ಆ ಹಠ ಸರಿಯಾಗಿಯೇ ಇತ್ತು ಎನಿಸಿತು.

ಭಾನುವಾರಗಳಂದು ಫೋನ್ ಕಾರ್ಡಿನ ನಂಬರು ಕೆರೆದು ಊರಿಗೆ ಫೋನ್ ಮಾಡುತ್ತಿದ್ದೆ. ಅಪ್ಪಯ್ಯನ ಮೊದಲ ಪ್ರಶ್ನೆ ಊಟದ ಬಗ್ಗೆ ಅಲ್ಲ.

“ಅಲ್ಲಿ ಯಾವ ಮಳೆ ನಡೀತಿದೆ?”

“ಇಲ್ಲಿ ಮಳೆಗೆ ಹೆಸರಿಲ್ಲ ಅಪ್ಪಯ್ಯ.”

“ಹೆಸರಿಲ್ಲದೆ ಹ್ಯಾಂಗೆ? ಇಲ್ಲಿ ಪುನರ್ವಸು ಬಿಟ್ಟೂ ಬಿಡದೆ ಹೊಡೀತಿದೆ. ಅಡಿಕೆಗೆ ಔಷಧಿ ಹೊಡೆಯಕ್ಕೆ ಒಂದು ಹೊಳವು ಸಿಕ್ತಿಲ್ಲ.”

ಹದಿಮೂರು ಹದಿನಾಲ್ಕು ದಿನಕ್ಕೊಂದು ನಕ್ಷತ್ರ, ಅದರ ಹೆಸರಿನ ಮಳೆ. ಯಾವುದಕ್ಕೆ ಬಿತ್ತನೆ, ಯಾವುದಕ್ಕೆ ನಾಟಿ ಎಂದು ಲೆಕ್ಕ ಇಟ್ಟವರಿಗೆ ಹೆಸರಿಲ್ಲದ ಮಳೆ ಎಂದರೆ ಹೆತ್ತವರಿಲ್ಲದ ಮಗುವಿನ ಹಾಗೆ. (ಬ್ರಿಟನ್ನಿನವರು ಬಿರುಗಾಳಿಗಳಿಗೆ ಹೆಸರಿಡಲು ಶುರು ಮಾಡಿದ್ದು 2015ರಲ್ಲಿ. ಅಪ್ಪಯ್ಯನಿಗೆ ಅದನ್ನು ಹೇಳಲು ಆಗಲಿಲ್ಲ.) ಅಲ್ಲಿಯವರಿಗೂ ಇಂಥದ್ದೊಂದು ಇದೆ ಎಂದು ತಿಳಿದದ್ದು ಜುಲೈ 15ರ ಭಾನುವಾರ. ಸೇಂಟ್ ಸ್ವಿದಿನ್ ದಿನ. ಒಂಬತ್ತನೇ ಶತಮಾನದಲ್ಲಿ ವಿಂಚೆಸ್ಟರಿನಲ್ಲಿ ಬಿಷಪ್ ಆಗಿದ್ದವರು. ತನ್ನನ್ನು ಹೊರಗೆ, ಮಳೆ ಬೀಳುವಲ್ಲಿ ಹೂಳಿ ಎಂದಿದ್ದರಂತೆ. ನೂರು ವರ್ಷ ಕಳೆದ ಮೇಲೆ ಅಸ್ಥಿಗಳನ್ನು ಒಳಗೆ ತಂದಾಗ ಮುನಿಸಿನಿಂದ ಮಳೆ ಸುರಿಸಿದರು ಎಂದು ಕಥೆ. ಆ ದಿನ ಹನಿದರೆ ನಲವತ್ತು ದಿನ ಹನಿಯುತ್ತದೆ. ನಮ್ಮ ಬೀದಿಯಲ್ಲಿ ಅವತ್ತು ಬಿದ್ದದ್ದು ನಾಲ್ಕೇ ಹನಿ. ನಾಲ್ಕು ಹನಿ ಲೆಕ್ಕಕ್ಕೆ ಬರುತ್ತದೆಯೇ ಎಂದು ಅಜ್ಜಿಗೂ ಪಕ್ಕದ ಮನೆಯ ಮುದುಕರಿಗೂ ಬೇಲಿಯ ಮೇಲಿಂದ ದೊಡ್ಡ ಚರ್ಚೆ.

ಆ ಮುದುಕರದು ಊರಂಚಿನಲ್ಲಿ ಒಂದು ತುಂಡು ಬಾಡಿಗೆ ತೋಟ, ಅಲಾಟ್‌ಮೆಂಟ್ ಎನ್ನುತ್ತಾರೆ. ಒಂದು ಸಂಜೆ ನನ್ನನ್ನು ಕರೆದುಕೊಂಡು ಹೋಗಿ ಆಲೂಗಡ್ಡೆ ಸಾಲು ತೋರಿಸಿದರು. ಎಲೆಗಳ ತುದಿಯಲ್ಲಿ ಕಂದು ಕಲೆ, ಬಿಸಿನೀರು ಚೆಲ್ಲಿದ ಹಾಗೆ. ಎಲೆ ಮಗುಚಿದರು, ಕಲೆಯಂಚಿಗೆ ಬೆಳ್ಳನೆಯ ಬೂಸಲು. ‘ಬ್ಲೈಟ್’ ಎಂದರು. 1845ರಲ್ಲಿ ಪಕ್ಕದ ಐರ್ಲೆಂಡನ್ನು ಹಸಿವಿಗೆ ನೂಕಿದ ರೋಗವೇ ಅದು. ಅವರ ಗುಡಿಸಲಿನ ಮೂಲೆಯಲ್ಲಿ ಡಬ್ಬಿ ಇತ್ತು, ತೆರೆದು ನೋಡಿದರೆ ನೀಲಿ ಪುಡಿ. ಮೂಸಿದೊಡನೆ ನನಗೆ ನಮ್ಮನೆಯ ಕೊಟ್ಟಿಗೆ ಪಕ್ಕದ ಡ್ರಮ್ಮು, ಮೈಲುತುತ್ತ ಮತ್ತು ಸುಣ್ಣ, ಕೊನೆಗಾರನ ನೀಲಿಯಾದ ಬೆರಳು, ಎಲ್ಲ ಎದ್ದು ಬಂದವು. ಅಡಿಕೆಗೆ ಮಳೆಗಾಲದಲ್ಲಿ ಬರುವ ಕೊಳೆರೋಗವೂ ಆಲೂಗಡ್ಡೆಯ ಬ್ಲೈಟೂ ದಾಯಾದಿಗಳು, ಫೈಟಾಫ್ತೊರಾ ಎಂಬ ಒಂದೇ ಕುಲ. ಔಷಧಿಯೂ ಒಂದೇ, ಬೋರ್ಡೋ. ಒಣಗಿದ ಎಲೆಯ ಮೇಲೆ ಹೊಡೆದು ಅದು ಹಿಡಿಯುವಷ್ಟು ಹೊತ್ತು ಮಳೆ ಬಿಡಬೇಕು ಎಂಬ ಹೊಂಚೂ ಒಂದೇ. ಆಕಾಶ ನೋಡುತ್ತ ಅವರು ಸೊಂಟಕ್ಕೆ ಕೈ ಕೊಟ್ಟು ನಿಂತ ಭಂಗಿ ನೋಡಿದಾಗ ಭಾಷೆ ಬಾರದಿದ್ದರೂ ಇವರೂ ಅಪ್ಪಯ್ಯನೂ ಅರ್ಧ ಗಂಟೆ ಮಾತಾಡಿಯಾರು ಎನಿಸಿತು.

ಮುನ್ಸೂಚನೆ ಎಂಬ ಕಸುಬು ಹುಟ್ಟಿದ್ದೇ ಈ ದ್ವೀಪದ ಆತಂಕದಿಂದ. ಡಾರ್ವಿನ್ನನನ್ನು ಹೊತ್ತೊಯ್ದ ಬೀಗಲ್ ಹಡಗಿನ ಕ್ಯಾಪ್ಟನ್ ರಾಬರ್ಟ್ ಫಿಟ್ಜ್‌ರಾಯ್ 1854ರಲ್ಲಿ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥ. 1859ರಲ್ಲಿ ರಾಯಲ್ ಚಾರ್ಟರ್ ಎಂಬ ಹಡಗು ವೇಲ್ಸಿನ ದಡಕ್ಕೆ ಬಡಿದು ನೂರಾರು ಜನ ಸತ್ತ ಮೇಲೆ ಅವರು ಬಿರುಗಾಳಿಯ ಎಚ್ಚರಿಕೆ ಕೊಡಲು ಹಟ ಹಿಡಿದರು, ಬಂದರುಗಳಿಗೆ ಬಾರೋಮೀಟರುಗಳನ್ನು ಹಂಚಿದರು, 1861ರ ಆಗಸ್ಟ್ 1ರಂದು ಪತ್ರಿಕೆಯಲ್ಲಿ ಮೊದಲ ಮುನ್ಸೂಚನೆ ಅಚ್ಚಾಯಿತು. ತಪ್ಪಿದಾಗಲೆಲ್ಲ ಜನ ನಕ್ಕರು. 1865ರಲ್ಲಿ ಫಿಟ್ಜ್‌ರಾಯ್ ಆತ್ಮಹತ್ಯೆ ಮಾಡಿಕೊಂಡರು. ಈಗ ಅವರ ಹೆಸರು ಒಂದು ಕಡಲ ತುಂಡಿಗಿದೆ. ಬೆಳಿಗ್ಗೆ 5:20ಕ್ಕೆ ಅಜ್ಜಿಯ ಅಡುಗೆಮನೆಯ ರೇಡಿಯೊ ಹಡಗುಗಳಿಗೆಂದು ದ್ವೀಪದ ಸುತ್ತಲಿನ 31 ಕಡಲತುಂಡುಗಳ ಹವೆಯನ್ನು ಸಹಸ್ರನಾಮದ ಧಾಟಿಯಲ್ಲಿ ಓದುತ್ತಿತ್ತು. ಡಾಗರ್, ಫಿಷರ್, ಜರ್ಮನ್ ಬೈಟ್... ಫಿಟ್ಜ್‌ರಾಯ್... ಫೇರೋಸ್. ಸ್ವಂತ ದೋಣಿ ಒಂದೂ ಇಲ್ಲದ ಅಜ್ಜಿ ಕಣ್ಣು ಮುಚ್ಚಿ ಕೇಳುತ್ತಿದ್ದರು.

ಜುಲೈ 20, ಶುಕ್ರವಾರ. ನಮ್ಮ ಪಂಚಾಂಗದಲ್ಲಿ ಪುಷ್ಯ ಮಳೆ ಹುಟ್ಟುವ ದಿನ. ಅವತ್ತಿನದು ಅಟ್ಲಾಂಟಿಕ್ ಕಡೆಯಿಂದ ಬಂದದ್ದಲ್ಲ, ಫ್ರಾನ್ಸಿನಿಂದ, ಹಿಂಬಾಗಿಲಿನಿಂದ ಬಂತು. ಬಂದದ್ದು ಹೋಗಲಿಲ್ಲ. ಬೆಳಿಗ್ಗೆಯಿಂದ ಹಿಡಿದದ್ದು ಆ ನಾಡಿನ ತುಂತುರಲ್ಲ, ನನ್ನ ಕಿವಿಗೆ ಪರಿಚಯವಿದ್ದ ‘ಧೋ’. ಆಫೀಸಿನ ಕಿಟಕಿಗೆ ಎಲ್ಲರೂ ಬಂದು ನಿಂತರು. ಚೆಲ್ಟ್ ಎಂಬ ಹೊಳೆ ಆ ಊರಿನ ನಡುವೆ ಬಹುಪಾಲು ನೆಲದಡಿಯ ಮೋರಿಯೊಳಗೆ ಹರಿಯುತ್ತದೆ. ಅಲ್ಲಿ ಹೊಳೆಯಿದೆ ಎಂದೇ ನನಗೆ ಗೊತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅದು ಮೇಲೆ ಬಂದು ಬೀದಿ ಹಿಡಿಯಿತು. ಪ್ಯಾಂಟು ಮೊಣಕಾಲಿಗೆ ಮಡಚಿ, ಶೂಗಳ ಲೇಸು ಗಂಟು ಹಾಕಿ ಕುತ್ತಿಗೆಗೆ ನೇತುಹಾಕಿ, ಕಾಲಿನಿಂದ ತಳ ತಡವುತ್ತ ಮನೆಗೆ ನಡೆದೆ. ಅದು ನಮಗೆ ಚಿಕ್ಕಂದಿನಿಂದ ಬಂದ ವಿದ್ಯೆ. ಸೂಟು ಹಾಕಿದ ಇಬ್ಬರು ನನ್ನ ಹೆಜ್ಜೆಯ ಹಿಂದೆ ಹೆಜ್ಜೆ ಇಡುತ್ತ ಬಂದರು. ಪಕ್ಕದ ಎಂ5 ಹೆದ್ದಾರಿಯಲ್ಲಿ ಸಾವಿರಾರು ಜನ ಕಾರುಗಳಲ್ಲೇ ರಾತ್ರಿ ಕಳೆದರು. ಅದೇ ನಡುರಾತ್ರಿ ದೇಶದ ಪುಸ್ತಕದಂಗಡಿಗಳು ಹ್ಯಾರಿ ಪಾಟರ್‌ನ ಕೊನೆಯ ಸಂಪುಟ ಮಾರಲು ಬಾಗಿಲು ತೆರೆದವು. ಮಾಟದ ಟೋಪಿ, ಮೇಲೆ ರೇನ್‌ಕೋಟು ಹಾಕಿದ ಮಕ್ಕಳು ಸಾಲು ನಿಂತಿದ್ದರು.

ಮಳೆ ನಿಂತ ಮೇಲೆ ಕಷ್ಟ ಶುರುವಾಯಿತು. ಎರಡು ತಿಂಗಳಿಂದ ಕುಡಿದು ಕುಡಿದು ನೆಲಕ್ಕೆ ಇನ್ನು ಬೇಡವಾಗಿತ್ತು, ಬಿದ್ದದ್ದೆಲ್ಲ ಹೊಳೆಗೆ. ವೇಲ್ಸಿನ ಬೆಟ್ಟಗಳಲ್ಲಿ ಹುಟ್ಟುವ ಸೆವೆರ್ನ್ ನದಿಯೂ ಏವನ್ ನದಿಯೂ ಕೂಡುವ ಸಂಗಮ ನಮ್ಮಿಂದ ಸ್ವಲ್ಪ ಉತ್ತರದ ಟ್ಯೂಕ್ಸ್‌ಬರಿ. ನಮ್ಮ ತುಂಗೆ, ಭದ್ರೆ ಕೂಡುವ ಕೂಡ್ಲಿಯ ಹಾಗೆ. ಭಾನುವಾರದ ಹೊತ್ತಿಗೆ ಹೆಲಿಕಾಪ್ಟರಿನಿಂದ ತೆಗೆದ ಒಂದು ಚಿತ್ರ ಎಲ್ಲ ಕಡೆ ಬಂತು: ಕಂದು ನೀರಿನ ಬಯಲು, ನಡುವೆ ಹಸಿರು ತಟ್ಟೆಯಷ್ಟು ನೆಲ, ಅದರ ಮೇಲೆ 1121ರಲ್ಲಿ ಪ್ರತಿಷ್ಠೆಯಾದ ಆ ಊರ ಅಬ್ಬೆ ಚರ್ಚು. ದ್ವೀಪದೊಳಗೊಂದು ದ್ವೀಪ. ಕಟ್ಟಿದ ಸನ್ಯಾಸಿಗಳಿಗೆ ನೀರಿನ ಮಟ್ಟ ಗೊತ್ತಿತ್ತು. 1760ರ ನಂತರ ಒಳಗೆ ನೀರು ಬಂದದ್ದು ಅದೇ ಮೊದಲಂತೆ, ಅದೂ ಸ್ವಲ್ಪ. ಆಮೇಲಿನ ಶತಮಾನದಲ್ಲಿ ಹೊಳೆಯಂಚಿಗೆ ನೀರು ಸರಬರಾಜಿನ ಸ್ಥಾವರ ಕಟ್ಟಿದವರಿಗೆ ಆ ಹೆದರಿಕೆ ಇರಲಿಲ್ಲ ಎಂದು ಕಾಣುತ್ತದೆ. ಭಾನುವಾರ ಮೈತ್ ಎಂಬಲ್ಲಿನ ಆ ಸ್ಥಾವರ ಮುಳುಗಿತು. ಸುಮಾರು 3,50,000 ಜನಕ್ಕೆ ನಲ್ಲಿ ನೀರು ಹೋಯಿತು. ಗ್ಲಾಸ್ಟರ್ ಹತ್ತಿರದ ವಾಲ್‌ಹ್ಯಾಮ್ ವಿದ್ಯುತ್ ಕೇಂದ್ರಕ್ಕೆ ಸೈನಿಕರು, ಅಗ್ನಿಶಾಮಕದವರು ರಾತ್ರಿಯಿಡೀ ಒಡ್ಡು ಕಟ್ಟಿ ನೀರು ತಡೆದದ್ದರಿಂದ ಕರೆಂಟು ಉಳಿಯಿತು.

ಅಜ್ಜಿಯ ನಲ್ಲಿ ಮೊದಲು ಉಸಿರೆಳೆಯಿತು, ಕೆಮ್ಮಿತು, ನಿಂತಿತು. ನೆರೆಯ ನಡುವೆ ಬರ. ಬೀದಿ ಮೂಲೆಗೆ ಚಕ್ರದ ಟ್ಯಾಂಕು ತಂದಿಟ್ಟರು, ಬೌಸರ್ ಎನ್ನುತ್ತಿದ್ದರು. ಊರಿನ ಕುದುರೆ ರೇಸ್ ಮೈದಾನದಲ್ಲಿ ಸೈನ್ಯದವರು ಬಾಟಲಿ ನೀರಿನ ಗುಡ್ಡೆ ಹಾಕಿದರು. ಸಾಲಿನಲ್ಲಿ ನಿಂತವರ ಕೈಯಲ್ಲಿ ಹೂವಿನ ಗಿಡಕ್ಕೆ ಹಾಕುವ ಕ್ಯಾನು, ಸಾರಿನ ಪಾತ್ರೆ, ಮಗುವಿನ ಟಬ್ಬು, ಏನು ಬೇಕಾದರೂ ಇತ್ತು, ಕೊಡ ಒಂದು ಇರಲಿಲ್ಲ. ಬೆಂಗಳೂರಿನ ಟ್ಯಾಂಕರ್ ಸಾಲಿನಲ್ಲಿ ಹತ್ತು ವರ್ಷ ಪಳಗಿದ ನನಗೆ ಒಂದೇ ವ್ಯತ್ಯಾಸ ಕಂಡಿತು, ಯಾರೂ ಜಗಳ ಆಡುತ್ತಿರಲಿಲ್ಲ. ಹವೆಯ ಬಗ್ಗೆ ಮಾತಾಡುತ್ತಿದ್ದರು.

ಸ್ನಾನ ಹೇಗೆ ಎಂಬುದು ಅಜ್ಜಿಯ ದೊಡ್ಡ ಚಿಂತೆ. ಅರ್ಧ ಬಕೆಟ್ಟಿನಲ್ಲಿ ಮೀಯಬಹುದು ಎಂದೆ. ನಂಬಲಿಲ್ಲ. ಚೊಂಬಿಗೆ ಎಲ್ಲಿ ಹೋಗುವುದು? ಅಡುಗೆಮನೆಯಲ್ಲಿ ಹಿಟ್ಟು ಅಳೆಯುವ ಗಾಜಿನ ಜಗ್ಗು ಇತ್ತು. ಅದನ್ನೇ ಕೊಟ್ಟು, ಮೊದಲು ಕಾಲಿಗೆ, ಆಮೇಲೆ ಹೆಗಲಿಗೆ, ತಲೆಗೆ ಕೊನೆಗೆ ಎಂದು ಬಾಗಿಲಾಚೆ ನಿಂತು ಕ್ರಮ ಹೇಳಿದೆ. ಹತ್ತು ನಿಮಿಷದ ಮೇಲೆ ಕೆಂಪಗೆ ಹೊರಬಂದು, ಇನ್ನೂ ಒಂದು ಪೈಂಟ್ ಉಳಿಯಿತು ಎಂದು ಜಗ್ಗಿನ ಗೆರೆ ತೋರಿಸಿದರು.

ಸ್ಥಾವರ ಮುಳುಗಿದ ಭಾನುವಾರದ ಮರುದಿನ, ಸೋಮವಾರ, ಲಾರ್ಡ್ಸ್‌ನಲ್ಲಿ ಭಾರತ–ಇಂಗ್ಲೆಂಡ್ ಕ್ರಿಕೆಟ್ ಟೆಸ್ಟಿನ ಕೊನೆಯ ದಿನ. ಶುಕ್ರವಾರದ ಮಳೆಗೆ ಅಲ್ಲೂ ಮೈದಾನ ಕೆರೆಯಾಗಿತ್ತು. ಕೆಲವು ವರ್ಷ ಹಿಂದೆ ನೆಲ ಅಗೆದು ಮರಳು ಹಾಕಿದ್ದರಿಂದ ಅದೇ ಮಧ್ಯಾಹ್ನ ಆಟ ಆಯಿತು. ಈಗ ದ್ರಾವಿಡ್ ನಾಯಕತ್ವದ ಭಾರತಕ್ಕೆ 380 ರನ್ ಬೇಕು, ದ್ರಾವಿಡ್ ಬೇಗ ಔಟಾಗಿದ್ದರು, 282ಕ್ಕೆ ಒಂಬತ್ತು ಹೋಗಿತ್ತು. ಧೋನಿ 76ರಲ್ಲಿ, ಜೊತೆಗೆ ಶ್ರೀಶಾಂತ್. ಬೌಸರ್ ಸಾಲಿನಲ್ಲಿ ಯಾರದೋ ರೇಡಿಯೊ. ಲಂಡನ್ನಿನಲ್ಲಿ ಬೆಳಕು ಕಡಿಮೆಯಾಗುತ್ತಿದೆ ಎಂದರು. ಇಡೀ ತಿಂಗಳು ಆ ಮೋಡವನ್ನು ಬೈದಿದ್ದ ನಾನು, ಒದ್ದೆ ನಾಡಿನ ಖಾಲಿ ಕ್ಯಾನು ಹಿಡಿದು, ಇನ್ನೊಂದು ಮೋಡ ಬರಲಿ ಎಂದು ಬೇಡಿಕೊಂಡೆ. ಬಂತು. ಆಟ ನಿಂತಿತು, ಪಂದ್ಯ ಡ್ರಾ. ಮುಂದಿನ ನಾಟಿಂಗ್‌ಹ್ಯಾಮ್ ಟೆಸ್ಟೂ ಒದ್ದೆಯಲ್ಲೇ ತಡವಾಗಿ ಶುರುವಾಗಿ, ಜುಲೈ 31ಕ್ಕೆ ಭಾರತ ಗೆದ್ದಿತು. ಸರಣಿಯೂ ದ್ರಾವಿಡ್ ಕೈಗೆ ಬಂತು.

ಆಗಸ್ಟಿನ ಮೊದಲ ಶುಕ್ರವಾರ ಪಕ್ಕದ ಮುದುಕರು ಒಂದು ಚೀಲ ಆಲೂಗಡ್ಡೆ ತಂದುಕೊಟ್ಟರು. ಗಿಡ ಉಳಿಯಲಿಲ್ಲ, ಕೊಳೆಯುವ ಮೊದಲೇ ಕಿತ್ತೆ ಎಂದರು. ಗೋಲಿಗಿಂತ ಸ್ವಲ್ಪ ದೊಡ್ಡವು. ಜಗ್ಗಿನಲ್ಲಿ ಅರ್ಧ ಪೈಂಟು ನೀರು ಹಿಡಿದು ತೊಳೆದು, ಆ ಕೆಸರು ನೀರನ್ನು ಕಕ್ಕಸಿನ ಬಕೆಟ್ಟಿಗೆ ಸುರಿದು, ಸಾಸಿವೆ ಒಗ್ಗರಣೆ ಹಾಕಿ ಪಲ್ಯ ಮಾಡಿದೆ. ಸಂಜೆ ಊರಿಗೆ ಫೋನು. ಅಲ್ಲಿ ಒಂದು ದಿನ ಹೊಳವಾಗಿ ಅಡಿಕೆಗೆ ಔಷಧಿ ಹೊಡೆದಾಗಿತ್ತು.

ಫೋನಿಟ್ಟ ಮೇಲೆ ಅಜ್ಜಿ ಕೇಳಿದರು, ನಿಮ್ಮಲ್ಲಿ ಮಳೆಗೆ ಹೆಸರಿದೆ ಅಂದೆಯಲ್ಲ, ಈಗ ಯಾವುದು?

ಇವತ್ತು ಆಶ್ಲೇಷ ಹುಟ್ಟಿತು ಎಂದೆ.

ಎರಡು ಸಲ ಹೇಳಿಸಿಕೊಂಡು, ಮೂಗಿನ ತುದಿಗೆ ಕನ್ನಡಕ ಇಳಿಸಿ, ಬಾರೋಮೀಟರಿನ ಕೆಳಗಿನ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಪೆನ್ಸಿಲಿನಲ್ಲಿ ಬರೆದುಕೊಂಡರು. ಎಷ್ಟು ದಿನ ಇರುತ್ತದೆ ಎಂದು ಕೇಳಿದರು. ಹದಿನಾಲ್ಕು ಎಂದೆ. ಚೌಕಗಳನ್ನು ಎಣಿಸಿ ಹದಿನಾಲ್ಕನೆಯದಕ್ಕೆ ಗೆರೆ ಎಳೆದು, ಅಭ್ಯಾಸಬಲದಿಂದ ಗಾಜಿಗೆ ಎರಡು ಸಲ ಕುಟ್ಟಿದರು.